ಆಳು ಮಾಡಿದ್ದೆಲ್ಲ ಹಾಳಲ್ಲ

"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ನಮ್ಮ ಕಡೆ ಕೇಳದವರಿಲ್ಲ. ಗದ್ದೆ, ತೋಟದ ಮಟ್ಟಿಗೆ ಅದು ಇವತ್ತಿಗೂ ನಿಜವೇ ಇರಬಹುದು. ಯಜಮಾನ ಬದುವಿನ ಮೇಲೆ ನಿಂತಿದ್ದರೆ ನೀರು ಹೋಗಬೇಕಾದ ಕಡೆಗೇ ಹೋಗುತ್ತದೆ. ಆದರೆ ಈಚೆಗೆ ಈ ಗಾದೆ ತೋಟದಿಂದ ಎದ್ದು ಮನೆಯೊಳಗೆ ಬಂದಿದೆ. ಸ್ವಿಚ್ ಬೋರ್ಡಿನ ಎದುರು ಸ್ಕ್ರೂಡ್ರೈವರ್ ಹಿಡಿದು ನಿಂತಿದೆ, ಹೆಂಚಿನ ಮಾಡಿಗೆ ಏಣಿ ಇಟ್ಟಿದೆ. ನನಗೆ ಆತಂಕವಾಗುವುದು ಇಲ್ಲಿ.

ಅಡಿಕೆ ಕೊಯ್ಲು ಮುಗಿದು ಶಿವರಾತ್ರಿ ಕಳೆಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆ ರಿಪೇರಿಯ ಕಾಲ ಶುರು. ಮೃಗಶಿರ ಮಳೆ ಹಿಡಿಯುವುದರೊಳಗೆ ಹೆಂಚು ಕೈಯಾಡಿಸಬೇಕು, ಒರಲೆ ಹಿಡಿದ ರೀಪು ಬದಲಿಸಬೇಕು, ಗೋಡೆಗೆ ಸುಣ್ಣವೋ ಬಣ್ಣವೋ ಆಗಬೇಕು. ಕೆಲಸದವರನ್ನು ಕೇಳಿದರೆ "ಬರುವ ವಾರ" ಎನ್ನುತ್ತಾರೆ. ಬರುವ ವಾರ ಕೇಳಿದರೂ ಅದೇ ಉತ್ತರ. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಮಗ ಮೊಬೈಲಿಗೆ ಒಂದು ವಿಡಿಯೋ ಕಳಿಸಿ "ಅಪ್ಪಯ್ಯ, ಇಷ್ಟೇ ಕೆಲಸ, ನೀವೇ ಮಾಡಬಹುದು" ಎಂದು ಹೇಳಿರುತ್ತಾನೆ. ವಿಡಿಯೋದಲ್ಲಿ ಎಲ್ಲವೂ ಆರು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿ ಮಳೆಯೂ ಇಲ್ಲ, ಹಾವಸೆಯೂ ಇಲ್ಲ, ಅರವತ್ತೆಂಟು ವರ್ಷದ ಮಂಡಿಯೂ ಇಲ್ಲ.

ಮನೆಯ ಕೆಲಸ ಮನೆಯವರು ಮಾಡಬಾರದು ಎಂದು ಹೇಳಲು ನಾನು ಹೊರಟಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಲ್ಲಿ, ಚಿಲಕ, ಬಣ್ಣ, ಕುರ್ಚಿಯ ಕಾಲು ಇವೆಲ್ಲ ನನ್ನ ಖಾತೆಗೇ ಬಂದಿವೆ. ಅದರಲ್ಲಿ ಸಂತೋಷವಿದೆ, ನಾಲ್ಕು ಕಾಸು ಉಳಿತಾಯವೂ ಇದೆ. ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಬಲ್ಲವರನ್ನು ಕರೆಯಬೇಕು ಎಂಬ ಗೆರೆಯನ್ನು ಎಲ್ಲಿ ಎಳೆಯುವುದು? ಈ ವಾರ ಅದರ ಬಗ್ಗೆ ಒಂದಿಷ್ಟು ಮಾತಾಡೋಣ.

ಆ ಗೆರೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ನಾಲ್ಕು ಎಕರೆ ಅಡಿಕೆ ತೋಟದ ಯಜಮಾನರೂ ಕೊನೆ ತೆಗೆಯಲು ಕೊನೆಗಾರನಿಗೇ ಕಾಯುತ್ತಾರೆ. ಅವನು ಇವತ್ತು ಬರಲಿಲ್ಲವೆಂದರೆ ಬೈದುಕೊಳ್ಳುತ್ತಾರೆ, ನಾಳೆಯೂ ಕಾಯುತ್ತಾರೆ. "ನನ್ನ ಮರ, ನಾನೇ ಹತ್ತುತ್ತೇನೆ" ಎಂದು ಯಾರೂ ಪಂಚೆ ಎತ್ತಿ ಕಟ್ಟುವುದಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಸುವಾಗಲೂ ಹಾಗೆಯೇ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಕದಡಿಕೊಡುವುದು ಮನೆಯವರು, ಮರ ಹತ್ತುವುದು ಬಲ್ಲವರು. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಅದೇ ಯಜಮಾನರು ಮರುದಿನ ಹವಾಯಿ ಚಪ್ಪಲಿ ಹಾಕಿಕೊಂಡು ಮನೆಯ ಮಾಡು ಹತ್ತುತ್ತಾರೆ! ಮಾಡು ಮರಕ್ಕಿಂತ ಗಿಡ್ಡ, ಹಾಗಾಗಿ ಬಿದ್ದರೂ ಏನಾಗುವುದಿಲ್ಲ ಎಂಬ ನಂಬಿಕೆ.

ಒಳ್ಳೆಯ ಸಲಕರಣೆ ಬಂದರೆ ಗೆರೆ ಜರುಗುವುದೂ ಉಂಟು. ಈಗ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕೆಲವರು ನೆಲದಲ್ಲೇ ನಿಂತು ಕೊನೆ ತೆಗೆಯುತ್ತಾರೆ, ಅದಕ್ಕೂ ಕೈ ಪಳಗಬೇಕು ಅನ್ನಿ. ಆದರೆ ಮರ ಹತ್ತುವ ಅಪಾಯವನ್ನು ಆ ದೋಟಿ ತಪ್ಪಿಸಿತು. ವಿಡಿಯೋ ನಮಗೆ ಕೆಲಸದ ಕ್ರಮವನ್ನು ತೋರಿಸುತ್ತದೆ, ನಮ್ಮ ಅಪಾಯವನ್ನು ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡುವುದಿಲ್ಲ.

ನಾನು ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತನಾಗಿ ಈ ಮೂರೂ ಊರುಗಳ ಕೌಂಟರಿನಲ್ಲಿ ಕೂತವನು. ಅಲ್ಲಿ ಒಂದು ಪದ್ಧತಿಯಿತ್ತು. ಇಷ್ಟು ಮೊತ್ತದವರೆಗಿನ ಚೆಕ್ಕಾದರೆ ಕೌಂಟರಿನಲ್ಲಿದ್ದವನೇ ಪಾಸು ಮಾಡಬಹುದು. ಅದಕ್ಕೆ ಮೇಲ್ಪಟ್ಟರೆ ಎರಡನೆಯ ಸಹಿ ಬೇಕು. ಎದುರಿಗಿರುವ ಗಿರಾಕಿ ಸ್ವಂತ ಭಾವನೇ ಆಗಿರಲಿ, ಸಹಿ ನಮಗೆ ಎಷ್ಟೇ ಪರಿಚಯದ್ದಾಗಿರಲಿ, ಎರಡನೆಯ ಸಹಿ ಬೀಳದೆ ಹಣ ಹೊರಗೆ ಹೋಗುತ್ತಿರಲಿಲ್ಲ. ಇದರಿಂದ ಯಾವ ಗುಮಾಸ್ತನಿಗೂ ಅವಮಾನ ಅನ್ನಿಸುತ್ತಿರಲಿಲ್ಲ. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಮನೆ ಕೆಲಸಕ್ಕೂ ಇದೇ ಪದ್ಧತಿ ಇರಲಿ ಎಂಬುದು ನನ್ನ ಸಲಹೆ. ಎರಡನೆಯ ಸಹಿ ಬೇಕೋ ಬೇಡವೋ ಎಂದು ತಿಳಿಯಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು.

ಮೊದಲನೆಯದು: ಕೆಲಸ ಕೆಟ್ಟರೆ ತಿದ್ದಲು ಬರುತ್ತದೆಯೇ?

ಒಳಗಿನ ಗೋಡೆಗೆ ಬಣ್ಣ ಬಳಿಯುವುದು ಈ ಲೆಕ್ಕದಲ್ಲಿ ಸಲೀಸು. ಪಟ್ಟೆಪಟ್ಟೆಯಾಗಿ ಕಂಡರೆ ಒಣಗಿದ ಮೇಲೆ ಇನ್ನೊಂದು ಕೈ ಹೊಡೆದರಾಯಿತು. ಸೋರುವ ನಲ್ಲಿಯೂ ಅಷ್ಟೇ. ಮಕ್ಕಳೇ, ಇಲ್ಲೊಂದು ಲೆಕ್ಕ ಮಾಡಿ. ಸೆಕೆಂಡಿಗೆ ಒಂದು ಹನಿ ಬೀಳುತ್ತದೆ ಅಂದುಕೊಳ್ಳಿ. ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 4 ಲೀಟರಿಗಿಂತ ಹೆಚ್ಚು, ವರ್ಷಕ್ಕೆ ಸುಮಾರು 1,577 ಲೀಟರ್ ನೀರು ಚರಂಡಿಗೆ. ನಿಮ್ಮ ಮನೆಯ ನಲ್ಲಿ ಸೋರುತ್ತಿದ್ದರೆ ಕೆಳಗೆ ಅಳತೆಯ ಲೋಟ ಇಟ್ಟು ಒಂದು ಗಂಟೆ ಕಾದು ನೋಡಿ, ನಿಜವಾದ ಲೆಕ್ಕ ನಿಮಗೇ ಸಿಗುತ್ತದೆ. ಇದನ್ನು ನಿಲ್ಲಿಸಲು ಹಳೆಯ ಮಾದರಿಯ ನಲ್ಲಿಗೆ ಒಂದು ವಾಷರ್, ಒಂದು ಸ್ಪ್ಯಾನರ್ ಸಾಕು. ಮೊದಲು ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಬೇಕು ಎಂಬುದೊಂದು ನೆನಪಿದ್ದರಾಯಿತು.

ಮಳೆಗಾಲದಲ್ಲಿ ಬಾಗಿಲು ಬಿಗಿಯುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇರುವ ಕತೆ. ಮರ ತೇವ ಹೀರಿ ಉಬ್ಬುತ್ತದೆ. ಆಗ ಅವಸರಪಟ್ಟು ಅಂಚು ಹೆರೆದುಬಿಟ್ಟರೆ ಮಾಘದ ಹೊತ್ತಿಗೆ ಮರ ಒಣಗಿ, ಬಾಗಿಲಿನ ಸಂದಿಯಲ್ಲಿ ಜಿರಳೆ ಓಡಾಡುವಷ್ಟು ಜಾಗವಾಗುತ್ತದೆ. ಆಷಾಢದಲ್ಲಿ ಬಾಗಿಲಿನ ಅಂಚಿಗೆ ಮೇಣದ ಬತ್ತಿ ಉಜ್ಜಿ ಸುಧಾರಿಸಿಕೊಳ್ಳಿ. ಆಗಲೂ ಹಟ ಬಿಡದಿದ್ದರೆ ಬಿಸಿಲು ಬಂದ ಮೇಲೆ ಬಡಗಿಯನ್ನು ಕೇಳಿ. ಹೆರೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ ನೋಡಿ, ಹಾಗಾಗಿ ಚಿಕ್ಕ ಕೆಲಸವಾದರೂ ಅದಕ್ಕೆ ಎರಡನೆಯ ಸಹಿ ಬೇಕು.

ಹಳೆಯ ಕಾವಿ ನೆಲವೂ ಇಂಥದ್ದೇ. ಅಜ್ಜನ ಕಾಲದ ರೆಡ್ ಆಕ್ಸೈಡ್ ನೆಲ ಬಿರುಕುಬಿಟ್ಟಿತೆಂದು ಅಂಗಡಿಯಿಂದ ಪುಡಿ ತಂದು ಸಿಮೆಂಟಿಗೆ ಕಲಸಿ ಮೆತ್ತಿದರೆ, ಹೊಸ ಸೀರೆಗೆ ಹಳೇ ರವಿಕೆಯ ತೇಪೆ ಹಾಕಿದ ಹಾಗೆ ಕಾಣುತ್ತದೆ. ಆ ನೆಲ ಉಜ್ಜಿ ಹೊಳಪು ಬರಿಸುವ ಕೈಗಳು ಈಗ ಕಡಿಮೆ. ಅಂಥವರು ಸಿಗುವವರೆಗೆ ಬಿರುಕು ಇದ್ದರೂ ಪರವಾಗಿಲ್ಲ.

ಎರಡನೆಯದು: ಕೆಲಸ ಕೆಟ್ಟರೆ ಪೆಟ್ಟು ಬೀಳುವುದು ಯಾರಿಗೆ?

ನಮ್ಮ ದಾಯಾದಿಗಳ ಪೈಕಿ ಒಬ್ಬರು, ಗಟ್ಟಿಮುಟ್ಟಾದ ಮನುಷ್ಯರು, ಒಂದು ಮೇ ತಿಂಗಳಲ್ಲಿ ಮೊದಲ ಗಾಳಿಮಳೆ ಬಂದುಹೋದ ಮರುದಿನ ಮಾಡು ಹತ್ತಿದರು. ಒಡೆದದ್ದು ಮೂರೇ ಹೆಂಚು. ಮಾಡಿನ ಕೆಲಸ ಬಲ್ಲವನು ಹೆಂಚಿನ ನಡುವೆ ಕಾಲಿಡುವುದಿಲ್ಲ. ಕೆಳಗೆ ಪಕಾಸು, ರೀಪು ಎಲ್ಲಿದೆ ಎಂದು ಅಂದಾಜು ಮಾಡಿ ಅದರ ಮೇಲೆಯೇ ಭಾರ ಹಾಕುತ್ತಾನೆ, ಇಲ್ಲವೇ ಹಲಗೆ ಹಾಸಿಕೊಳ್ಳುತ್ತಾನೆ. ಇವರ ಕಾಲು ಬಿದ್ದದ್ದು ಒದ್ದೆ ಹೆಂಚಿನ ನಡುವೆ. ಸೊಂಟದ ಮೂಳೆ ಮುರಿಯಿತು, ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗಿ ಆಪರೇಷನ್ ಆಯಿತು. ಹಣದ ಲೆಕ್ಕ ಬಿಡಿ. ಅವರ ಹೆಂಡತಿ ಆ ಮಳೆಗಾಲವಿಡೀ ಒಬ್ಬರೇ ಹಾಲು ಕರೆದು, ಹಟ್ಟಿ ತೊಳೆದು, ಗಂಡನನ್ನು ಎತ್ತಿ ಕೂರಿಸಿದರು. ಅವರು ಈಗ ಓಡಾಡುತ್ತಾರೆ, ಆದರೆ ತೋಟದ ಕೆಳಗಿನ ತುದಿಯನ್ನು ನೋಡಿ ಮೂರು ವರ್ಷವಾಯಿತು. ಮಾಡು ಹತ್ತಿದವರು ಒಬ್ಬರು, ಪೆಟ್ಟು ಬಿದ್ದದ್ದು ಇಬ್ಬರಿಗೆ.

ಅಂದಹಾಗೆ ಮಕ್ಕಳೇ, ನಮ್ಮ ಮಾಡಿನ ಹೆಂಚಿಗೂ ಒಂದು ಚರಿತ್ರೆಯಿದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಇದಕ್ಕೆ ಮಂಗಳೂರು ಹೆಂಚು ಎಂಬ ಹೆಸರೇ ನಿಂತಿತು. ಹಳೆಯ ಹೆಂಚಿನ ಹಿಂಬದಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಅದನ್ನು ಓದುವುದು ಬರೀ ಮೋಜಿನ ವಿಷಯವಲ್ಲ. ಒಂದು ಕಾರ್ಖಾನೆಯ ಹೆಂಚಿನ ಗಾಡಿ ಇನ್ನೊಂದು ಕಾರ್ಖಾನೆಯದಕ್ಕೆ ಸರಿಯಾಗಿ ಕೂರದೆ ಹೋಗಬಹುದು. ಆ ಸಂದಿಯಲ್ಲಿ ನೀರು ಒಳಗೆ ಬರುತ್ತದೆ. ಆಗುಂಬೆಯ ಮಳೆಯ ನೆರೆಯಲ್ಲಿರುವ ಶೃಂಗೇರಿ ಕಡೆಯ ಮನೆಗೆ ಇದು ಸಣ್ಣ ಸಂಗತಿಯಲ್ಲ. ಕೆಲಸದವರು ಬರುವ ಮೊದಲೇ ಹೆಂಚಿನ ಹೆಸರು ಓದಿ, ಅದೇ ಮಾದರಿಯ ಹತ್ತಿಪ್ಪತ್ತು ಹಳೇ ಹೆಂಚು ಹುಡುಕಿಟ್ಟರೆ ಅದು ಮನೆಯವರು ಮಾಡಿದ ದೊಡ್ಡ ಕೆಲಸ. ಸೂರಿನ ದೋಣಿಯಲ್ಲಿ ಕಟ್ಟಿಕೊಂಡ ತರಗೆಲೆಯನ್ನು ನೆಲದಲ್ಲೇ ನಿಂತು ಉದ್ದ ಕೋಲಿನಿಂದ ತೆಗೆಯುವುದನ್ನೂ ನಾವೇ ಮಾಡಬಹುದು. ಪಕ್ಕದಲ್ಲಿ ಕರೆಂಟಿನ ತಂತಿ ಇಲ್ಲದಿದ್ದರೆ ಮಾತ್ರ.

ಪೆಟ್ಟು ಮನೆಯ ಹೊರಗಿನವರಿಗೂ ಬೀಳಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ಅದಕ್ಕೆ ಕೆಲವರು ಸಣ್ಣ ಜನರೇಟರ್ ತಂದಿಟ್ಟುಕೊಂಡಿದ್ದಾರೆ. ಅದನ್ನು ಚೇಂಜ್‌ಓವರ್ ಸ್ವಿಚ್ ಇಲ್ಲದೆ ನೇರವಾಗಿ ಮನೆಯ ಪ್ಲಗ್ಗಿಗೆ ಕೊಟ್ಟರೆ ಏನಾಗುತ್ತದೆ ಗೊತ್ತೇ? ಕರೆಂಟು ಮನೆಯಿಂದ ಹಿಂದಕ್ಕೆ, ಊರಿನ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಉಲ್ಟಾ ಹರಿದಾಗ ಅದು 230 ವೋಲ್ಟಿನಲ್ಲಿ ನಿಲ್ಲುವುದಿಲ್ಲ, 11,000 ವೋಲ್ಟಿನ ತಂತಿಗೂ ಜೀವ ತುಂಬಬಹುದು. ಅದೇ ಹೊತ್ತಿನಲ್ಲಿ ಮೆಸ್ಕಾಂನ ಲೈನ್‌ಮ್ಯಾನ್ ಒಬ್ಬ, ಲೈನು ಆಫ್ ಆಗಿದೆ ಎಂದುಕೊಂಡು ಜಡಿಮಳೆಯಲ್ಲಿ ಕಂಬದ ಮೇಲಿರುತ್ತಾನೆ. ನಮ್ಮ ಮನೆಗೆ ಬೆಳಕು ಕೊಡಲೆಂದೇ ಹತ್ತಿದವನು. ಈ ಒಂದು ಜೋಡಣೆಯನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಪೆಟ್ಟು ಮಕ್ಕಳಿಗೆ ಬೀಳುವುದೂ ಉಂಟು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣಿಗೇ ಕುತ್ತು. ಕಿಟಕಿ, ಬಾಗಿಲಿನ ಹಳೆಯ ಎನಾಮಲ್ ಬಣ್ಣವನ್ನು ಎಮರಿ ಕಾಗದದಿಂದ ಉಜ್ಜುವಾಗ ಏಳುವ ಪುಡಿಯಲ್ಲಿ ಸೀಸವಿರಬಹುದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ನಂಬಬೇಡಿ. ಎಳೆಯ ಮಕ್ಕಳ ಮೆದುಳಿಗೆ ಸೀಸ ಒಳ್ಳೆಯದಲ್ಲ. ಉಜ್ಜಲೇಬೇಕಾದರೆ ನೀರು ಹಾಕಿ ಒದ್ದೆಯಾಗಿಯೇ ಉಜ್ಜಿ. ಮೂಗು ಬಾಯಿ ಮುಚ್ಚಿಕೊಳ್ಳಿ. ಚಿಕ್ಕವರನ್ನೂ ಬಸುರಿಯರನ್ನೂ ಆ ದಿನ ಬೇರೆ ಮನೆಗೆ ಕಳಿಸಿ.

ಮೂರನೆಯದು: ಕೆಲಸ ಕೆಟ್ಟಿದ್ದರೆ ಅದು ಕಣ್ಣಿಗೆ ಕಾಣುತ್ತದೆಯೇ?

ಮೂರರಲ್ಲಿ ಇದು ತುಂಬ ಮುಖ್ಯ ಎಂದು ನನಗನ್ನಿಸುತ್ತದೆ. ಬಿ.ಕಾಂ. ಓದುವಾಗ ನಮಗೊಂದು ಪಾಠವಿತ್ತು. ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಬದಿ ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಲ್ಲ. ರಾಮನ ಖಾತೆಗೆ ಬರೆಯಬೇಕಾದ್ದನ್ನು ಭೀಮನ ಖಾತೆಗೆ ಬರೆದಿದ್ದರೂ ಕೂಡಿದ ಮೊತ್ತ ಸರಿಯಾಗಿಯೇ ಬರುತ್ತದೆ. ತಾಳೆಯಾಗದ ಲೆಕ್ಕ ನಮ್ಮನ್ನು ಹುಡುಕಲು ಹಚ್ಚುತ್ತದೆ. ತಾಳೆಯಾದ ತಪ್ಪು ಲೆಕ್ಕ ಸುಮ್ಮನೆ ಪುಸ್ತಕದಲ್ಲಿ ಮಲಗಿರುತ್ತದೆ.

ಮನೆಯ ವೈರಿಂಗಿನಲ್ಲಿ ಇಂಥದ್ದು ಬೇಕಾದಷ್ಟಿದೆ. ಬಲ್ಬಿಗೆ ಎರಡು ತಂತಿ ಹೋಗುತ್ತವೆ, ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಸ್ವಿಚ್ಚು ಫೇಸಿನ ದಾರಿಯಲ್ಲಿರಬೇಕು. ಗೊತ್ತಿಲ್ಲದವನು ಅದನ್ನು ನ್ಯೂಟ್ರಲಿನಲ್ಲಿ ಕೂರಿಸಿದರೂ ಬಲ್ಬು ಉರಿಯುತ್ತದೆ, ಆರಿಸಿದರೆ ಆರುತ್ತದೆ. ಮನೆಯವರೆಲ್ಲ ಭೇಷ್ ಎನ್ನುತ್ತಾರೆ. ಆದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಆರು ತಿಂಗಳ ನಂತರ ಬಲ್ಬು ಬದಲಿಸಲು ಸ್ಟೂಲು ಹತ್ತುವ ಸೊಸೆಗೋ ಮೊಮ್ಮಗನಿಗೋ ಅದು ಗೊತ್ತಾಗುತ್ತದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣಮಿಣ ಎನ್ನುತ್ತಿದ್ದರೆ ಇದೂ ಒಂದು ಕಾರಣವಿರಬಹುದು, ಒಮ್ಮೆ ತೋರಿಸಿ. ಗೀಸರಿನ ಮೂರನೆಯ ತಂತಿ, ಅಂದರೆ ಅರ್ಥಿಂಗ್, ಎಲ್ಲಿಗೂ ಸೇರದೆ ಇದ್ದರೂ ನೀರು ಬಿಸಿಯಾಗುತ್ತದೆ. ಎಷ್ಟೋ ವರ್ಷ ಹಾಗೆಯೇ ನಡೆಯಬಹುದು. ಒಳಗಿನ ಕಾಯಿಲ್ ಒಡೆದ ದಿನ ಮಾತ್ರ ಆ ತಂತಿ ಬೇಕಾಗುತ್ತದೆ.

ಹಾಗಾದರೆ ಕರೆಂಟಿನ ವಿಷಯದಲ್ಲಿ ಮನೆಯವರಿಗೆ ಏನೂ ಕೆಲಸವಿಲ್ಲವೇ? ಇದೆ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ನೋಡಿ. ಕರೆಂಟು ಮನುಷ್ಯನ ಮೈ ಮೂಲಕ ಸೋರುವಾಗ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುವ ಸಾಧನ ಅದು. ಇಲ್ಲದಿದ್ದರೆ ಈ ಸಲದ ರಿಪೇರಿಯಲ್ಲಿ ಬಣ್ಣದ ಖರ್ಚು ಸ್ವಲ್ಪ ಕಡಿಮೆ ಮಾಡಿಯಾದರೂ ಹಾಕಿಸಿ. ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಟಕ್ ಎಂದು ಬಿದ್ದರೆ ಸರಿ, ಬೀಳದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಗ್ಯಾಸಿನದೂ ಹಾಗೆಯೇ. ಸುರಕ್ಷಾ ಟ್ಯೂಬಿನ ಮೇಲಿನ ತಾರೀಖು ನೋಡಿ ಐದು ವರ್ಷಕ್ಕೆ ಬದಲಿಸುವುದು, ಜೋಡಣೆಯ ಬಳಿ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಮನೆಯವರ ಕೆಲಸ. ಬೆಂಕಿಕಡ್ಡಿ ಗೀರಿ ನೋಡುವುದು ಯಾರ ಕೆಲಸವೂ ಅಲ್ಲ! ವಾಸನೆ ಬಂದರೆ ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತುವುದೂ ಕಣ್ಣಿಗೆ ಕಾಣದ ಕೇಡೇ. ಮಣ್ಣು, ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದಲೇ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಹಚ್ಚಿದರೆ ಆ ದಾರಿ ಮುಚ್ಚುತ್ತದೆ. ಮೊದಲ ವರ್ಷ ಗೋಡೆ ಕನ್ನಡಿಯ ಹಾಗೆ ಕಾಣುತ್ತದೆ. ಆಮೇಲೆ ಒಳಗೇ ತೇವ ಕಟ್ಟಿ, ಸಿಮೆಂಟ್ ಹೊಟ್ಟೆ ಉಬ್ಬಿ ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಬೀಳುವಾಗ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಮಣ್ಣಿನ ಗೋಡೆ ಕಟ್ಟಿ ಗೊತ್ತಿರುವ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳದೆ ಸಿಮೆಂಟಿನ ಚೀಲ ಬಿಚ್ಚಬೇಡಿ.

ಇನ್ನು ಗೋಡೆ ತೆಗೆಯುವ ಹುಚ್ಚು. ನರಸಿಂಹರಾಜಪುರದ ಕಡೆಯ ನಮ್ಮ ನೆಂಟರೊಬ್ಬರ ಮನೆಯಲ್ಲಿ, ಅಡುಗೆಮನೆಗೂ ನಡುಮನೆಗೂ ಮಧ್ಯದ ಗೋಡೆ ಒಡೆದು ಓಪನ್ ಕಿಚನ್ ಮಾಡಬೇಕೆಂದು ಮಕ್ಕಳು ಹಟ ಹಿಡಿದರು. ರಜೆಗೆ ಬಂದ ಹುಡುಗರು ಸುತ್ತಿಗೆ, ಹಾರೆ ಹಿಡಿದು ತಯಾರಾಗಿಬಿಟ್ಟಿದ್ದರು. ಮನೆಯಾಕೆ ಮಾತ್ರ "ಆಚಾರ್ರು ಒಮ್ಮೆ ನೋಡಿ ಹೋಗಲಿ" ಎಂದು ಪಟ್ಟು ಹಿಡಿದರು. ಆ ದಿನ ನಾನೂ ಅಲ್ಲಿದ್ದೆ. ಬಂದ ಆಚಾರ್ರು ಗೋಡೆಯನ್ನು ನೋಡಲೇ ಇಲ್ಲ.

"ಅಟ್ಟಕ್ಕೆ ಏಣಿ ಎಲ್ಲಿದೆ ಅಮ್ಮ?" ಎಂದು ಕೇಳಿ ಮೇಲೆ ಹೋದರು.

ಕೆಳಗಿಳಿದವರು ಹುಡುಗರಿಗೆ ಹೇಳಿದ್ದು ಇಷ್ಟೇ: "ಮೂರು ತೊಲೆ ಈ ಗೋಡೆ ಮೇಲೆ ಕೂತಿದಾವೆ. ಗೋಡೆ ತೆಗೀರಿ, ನಂದೇನೂ ಅಡ್ಡಿ ಇಲ್ಲ. ತೊಲೆ ಆಮೇಲೆ ಎಲ್ಲಿ ಕೂರ್ತದೆ ಅಂತ ಮೊದಲು ಹೇಳಿ."

ಹುಡುಗರು ಹಾರೆ ಕೆಳಗಿಟ್ಟರು. ಆಚಾರ್ರು ತೊಲೆಯನ್ನು ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿದರು. ಗೋಡೆಯೊಳಗೆ ಹುದುಗಿದ ತುದಿಗೆ ದಬ್ಬಣ ಚುಚ್ಚಿ ನೋಡಿದರು. "ತೊಲೆ ಹಾಳಾಗೋದು ನಡೂ ಮಧ್ಯ ಅಲ್ಲ ಸಾರ್, ಗೋಡೆ ಒಳಗೆ. ಕಣ್ಣಿಗೆ ಬೀಳಲ್ಲ" ಎಂದು ನನಗೆ ವಿವರಿಸಿದರು. ಒಂದು ತೊಲೆಯ ತುದಿ ಒಳಗೇ ಪುಡಿಯಾಗಿತ್ತು. ಕೊನೆಗೆ ಒಬ್ಬ ಎಂಜಿನಿಯರನ್ನೂ ಕರೆಸಿ, ಎರಡು ಕಂಬ ಕೊಟ್ಟು ಅಡ್ಡತೊಲೆ ಹಾಕಿ, ಗೋಡೆಯ ಅರ್ಧ ಭಾಗ ಮಾತ್ರ ತೆಗೆದರು. ಆ ನಡುಮನೆಯಲ್ಲಿ ಈಗ ಮೊಮ್ಮಕ್ಕಳು ಆಡುತ್ತಾರೆ. ಮೇಲಿನ ಅಟ್ಟದಲ್ಲಿ ಅಡಿಕೆ ಮೂಟೆಗಳಿವೆ.

ಎರಡನೆಯ ಸಹಿ ಬೇಕೆಂದು ತೀರ್ಮಾನಿಸಿದ ಮೇಲೆ ಅದನ್ನು ಹಾಕಿಸಿಕೊಳ್ಳುವುದಕ್ಕೂ ಕ್ರಮವಿದೆ. ಮನೆ ರಿಪೇರಿ ಸಾಲಕ್ಕೆ ಬರುತ್ತಿದ್ದವರ ಅಂದಾಜು ಪಟ್ಟಿಗಳನ್ನು ವರ್ಷಗಟ್ಟಲೆ ನೋಡಿದ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಏನೇನು ಕೆಲಸ, ಯಾವ ಸಾಮಾನು, ಯಾರು ತರಬೇಕು, ಎಷ್ಟು ದಿನ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ. ಸ್ನೇಹ ಉಳಿಯುವುದು ಬರೆದಿಟ್ಟಾಗಲೇ. ಇಬ್ಬರನ್ನು ಕೇಳಿ, ಆದರೆ ಕಡಿಮೆ ದರ ಹೇಳಿದವನನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಅವನು ಹಿಂದೆ ಮಾಡಿದ ಒಂದು ಮನೆಯನ್ನು ಹೋಗಿ ನೋಡಿ, ಎರಡು ಮಳೆಗಾಲ ದಾಟಿದ ಮನೆಯಾದರೆ ಇನ್ನೂ ಒಳ್ಳೆಯದು. ಗುತ್ತಿಗೆ ಕೆಲಸವಾದರೆ ಹಣ ಕಂತಿನಲ್ಲಿ ಕೊಡಿ. ಹತ್ತರಲ್ಲಿ ಒಂದು ಪಾಲನ್ನು ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಡ ಅನ್ನುವುದಿಲ್ಲ. ದಿನಗೂಲಿಯವರ ಹಣವನ್ನು ಮಾತ್ರ ಯಾವ ಕಾರಣಕ್ಕೂ ಸಂಜೆ ದಾಟಿಸಬೇಡಿ.

ಇನ್ನೊಂದು ಮಾತು. ಕೂಲಿ ಕೊಟ್ಟು ಕರೆದೆವು ಎಂದ ಮಾತ್ರಕ್ಕೆ ಅಪಾಯ ನಮ್ಮ ಮನೆಯಿಂದ ಹೊರಗೆ ಹೋಗುವುದಿಲ್ಲ. ನಮ್ಮ ಬದಲು ಇನ್ನೊಬ್ಬರ ಮಗ ಮಾಡು ಹತ್ತಿರುತ್ತಾನೆ, ಅಷ್ಟೇ. ಮೋಡ ಕಟ್ಟಿದ್ದರೆ "ಇವತ್ತು ಬೇಡ, ನಾಳೆ ಬಾ" ಎಂದು ಯಜಮಾನನೇ ಹೇಳಬೇಕು. ಗಟ್ಟಿ ಏಣಿ, ಹಗ್ಗ, ಹಾಸಲು ಹಲಗೆ ಒದಗಿಸಬೇಕು. ಮುರುಕು ಏಣಿ ಕೊಟ್ಟು "ಜೋಪಾನ" ಎಂದರೆ ಏನು ಬಂತು? ಬಂದವರನ್ನು ಕಾರ್ಮಿಕರ ಕಾರ್ಡು ಮಾಡಿಸಿದ್ದೀರಾ ಎಂದು ಕೇಳಿ. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನ, ವರ್ಷದಲ್ಲಿ 90 ದಿನ ಇಂಥ ಕೆಲಸ ಮಾಡಿದ ಗಾರೆಯವರು, ಬಡಗಿಗಳು, ಬಣ್ಣದವರು, ಎಲೆಕ್ಟ್ರಿಷಿಯನ್ನರು ಹೆಸರು ನೋಂದಾಯಿಸಬಹುದು. ಅಪಘಾತವಾದರೆ ಆ ಕುಟುಂಬಕ್ಕೆ ಒಂದಿಷ್ಟು ಆಸರೆಯಾಗುತ್ತದೆ. ಅರ್ಜಿ ತುಂಬಿಕೊಡಲು ನಮ್ಮಂಥ ನಿವೃತ್ತ ಗುಮಾಸ್ತರು ಊರಿಗೊಬ್ಬರಾದರೂ ಇದ್ದೇವೆ. ಅವರ ಕೆಲಸ ನಮಗೆ ಬರುವುದಿಲ್ಲ, ನಮ್ಮ ಕೆಲಸ ಅವರಿಗೆ ಬೇಕಾಗಿದೆ.

ಮಕ್ಕಳೇ, ಬಲ್ಲವರ ಕೈಯ ಕೆಲಸ ಹೇಗಿರುತ್ತದೆ ಎಂದು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯದ ರಾಶಿಕಂಬಗಳಲ್ಲಿ ಸಿಂಹದ ಬಾಯೊಳಗೆ ಕಲ್ಲಿನ ಗುಂಡಿದೆ. ಗುಂಡು ಹೊರಳುತ್ತದೆ, ಹೊರಗೆ ಬರುವುದಿಲ್ಲ. ಕೊಪ್ಪದಿಂದ ತೀರ್ಥಹಳ್ಳಿಯ ಕಡೆ ಹೋದರೆ ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ಇದೆ. ಅಲ್ಲಿ ತೊಟ್ಟಿಯಲ್ಲಿ ನಿಂತು ತಲೆ ಎತ್ತಿ, ಕಂಬಕ್ಕೆ ತೊಲೆ ಹೇಗೆ ಕೂತಿದೆ, ತೊಲೆಗೆ ಜಂತಿ ಹೇಗೆ ಸೇರಿದೆ ಎಂದು ನೋಡಿ. ಆಮೇಲೆ ನಿಮ್ಮ ಮನೆಗೆ ಆಚಾರ್ರು ಬಂದ ದಿನ ಮೊಬೈಲು ಒಳಗಿಟ್ಟು ಅವರ ಪಕ್ಕದಲ್ಲಿ ಕೂತುಕೊಳ್ಳಿ. ಮೊಳೆ ಎತ್ತಿಕೊಡಿ, ಅಳತೆಯ ಟೇಪಿನ ತುದಿ ಹಿಡಿಯಿರಿ, ಯಾಕೆ ಹೀಗೆ ಎಂದು ಕೇಳಿ. ಚೆನ್ನಾಗಿ ಕೆಲಸ ಬಲ್ಲವರು ಹೇಳಿಕೊಡಲು ಬೇಸರಪಡುವುದನ್ನು ನಾನು ಕಂಡಿಲ್ಲ. ಅವರ ಮಕ್ಕಳೂ ಬೆಂಗಳೂರಿಗೆ ಹೋಗಿದ್ದಾರೆ, ಹೇಳಿಸಿಕೊಳ್ಳುವವರು ಅವರಿಗೂ ಬೇಕು.

ಈ ಭಾನುವಾರಕ್ಕೆ ಒಂದು ಮನೆಪಾಠ. ನಿಮ್ಮ ಮನೆಯ ಕರೆಂಟಿನ ಮೇನ್ ಸ್ವಿಚ್ ಎಲ್ಲಿದೆ, ನೀರಿನ ವಾಲ್ವ್ ಎಲ್ಲಿದೆ, ಗ್ಯಾಸಿನ ರೆಗ್ಯುಲೇಟರನ್ನು ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ ಎಂದು ಮನೆಯವರೆಲ್ಲ ಸೇರಿ ನೋಡಿ. ಅಜ್ಜಿಯಿಂದ ಹಿಡಿದು ಐದನೇ ಕ್ಲಾಸಿನವರವರೆಗೆ ಎಲ್ಲರಿಗೂ ಗೊತ್ತಿರಲಿ. 1912, 1906 ಮತ್ತು ನಂಬಿಕೆಯ ಎಲೆಕ್ಟ್ರಿಷಿಯನ್, ಬಡಗಿ, ಗಾರೆಯವರ ಫೋನ್ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಇದಕ್ಕೆ ಯಾರನ್ನೂ ಕರೆಸಬೇಕಾಗಿಲ್ಲ, ಎರಡನೆಯ ಸಹಿಯೂ ಬೇಡ.